ತಾನಾಗಿ ಬೀಳುವ ಸಮಯ ಯಾವ ವಲಯದ್ದು?

ಡೇಟಾಬೇಸ್ ಟೇಬಲ್‌ಗೆ ಸಾಲು ಸೇರಿದ ಸಮಯ ಹಿಡಿದಿಡುವ 'ಕ್ರಿಯೇಟೆಡ್_ಅಟ್' ಕಾಲಂಗೆ ಡೀಫಾಲ್ಟ್ (ಏನೂ ಹೇಳದಿದ್ದಾಗ ತುಂಬುವ ಮೌಲ್ಯ) ಕೊಟ್ಟರೆ ಪ್ರತಿ ಸಾಲಿಗೂ ಸಮಯ ತಾನಾಗಿ ಬೀಳುತ್ತದೆ. ಅದು ಯಾವ ವಲಯದ ಸಮಯ ಎಂಬುದು ಮಾತ್ರ ಎಷ್ಟೋ ಸಲ ಸಾಲು ಬರೆದ ಸೆಷನ್‌ನ (ಡೇಟಾಬೇಸ್ ಜೊತೆಗಿನ ಆ ಸಂಪರ್ಕದ) ಮೇಲೆ ನಿಂತಿರುತ್ತದೆ.

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಕಾಲಂನ ಟೈಪ್ ಬರೀ 'ಟೈಮ್‌ಸ್ಟ್ಯಾಂಪ್' ಆಗಿದ್ದರೆ, ಈಗಿನ ಸಮಯ ಹೇಳುವ 'ನೌ' ಫಂಕ್ಷನ್ ಕೊಟ್ಟ ಸಮಯವು ಸೆಷನ್‌ನ ವಲಯಕ್ಕೆ ಹೊಂದಿಕೊಂಡು, ವಲಯದ ಗುರುತು ಕಳೆದುಕೊಂಡು ಉಳಿಯುತ್ತದೆ. ಜಾವಾ ಪ್ರೋಗ್ರಾಂಗಳನ್ನು ಡೇಟಾಬೇಸ್‌ಗೆ ಜೋಡಿಸುವ ಜೆಡಿಬಿಸಿ ಡ್ರೈವರ್, ಅವು ಓಡುವ ಜೆವಿಎಂನ ವಲಯವನ್ನು ಸೆಷನ್‌ಗೆ ಹಾಕುತ್ತದೆ. ಆಜ್ಞೆಗಳನ್ನು ಟೈಪ್ ಮಾಡಿ ಓಡಿಸುವ ಪಿಎಸ್‌ಕ್ಯುಎಲ್, ಬೇರೆ ಹೇಳದಿದ್ದರೆ ಸರ್ವರ್‌ನದನ್ನೇ ಹಿಡಿಯುತ್ತದೆ. ಎರಡೂ ಕಡೆಯಿಂದ ಸಾಲು ಸೇರಿದರೆ ಒಂದೇ ಕಾಲಂನಲ್ಲಿ ಎರಡು ಗಡಿಯಾರ. ಎರರ್ ಬರುವುದಿಲ್ಲ, ಸಾಲುಗಳ ಕ್ರಮ ಮಾತ್ರ ಕೆಡುತ್ತದೆ.

ಆದ್ದರಿಂದ ವಲಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ 'ಟೈಮ್‌ಸ್ಟ್ಯಾಂಪ್‌ಟಿಝಡ್' ಟೈಪ್ ಬಳಸಿ. ಅದಕ್ಕೂ 8 ಬೈಟ್ ಸಾಕು. ಒಳಗೆ ಇರುವುದು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಆಧಾರ ಸಮಯ) ಕ್ಷಣ ಮಾತ್ರ, ಬರೆದವರ ವಲಯ ಉಳಿಯುವುದಿಲ್ಲ. ಅದೂ ಬೇಕಿದ್ದರೆ 'ಅಮೆರಿಕ/ನ್ಯೂಯಾರ್ಕ್' ಎಂಬಂಥ ಹೆಸರನ್ನು ಬೇರೆ ಕಾಲಂನಲ್ಲಿಡಿ. ಮೈನಸ್ 5 ಗಂಟೆ ಎಂದು ಬರೆದಿಟ್ಟರೆ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಬೇಸಿಗೆ ಸಮಯ ಬಂದಾಗ ತಪ್ಪುತ್ತದೆ. ಇನ್ನೊಂದು ಮಾತು: 'ನೌ' ಕೊಡುವುದು ಟ್ರಾನ್ಸಾಕ್ಷನ್ (ಒಟ್ಟಾಗಿ ಮುಗಿಯುವ ಡೇಟಾಬೇಸ್ ಕೆಲಸಗಳ ಗುಂಪು) ಶುರುವಾದ ಸಮಯ. ದೀರ್ಘ ಬ್ಯಾಚ್‌ನ ನಡುವಿನ ನಿಜವಾದ ಸಮಯ ಬೇಕಾದರೆ 'ಕ್ಲಾಕ್_ಟೈಮ್‌ಸ್ಟ್ಯಾಂಪ್' ಕರೆಯಬೇಕು.

ಮೈಎಸ್‌ಕ್ಯುಎಲ್ ಡೇಟಾಬೇಸ್‌ನ 'ಟೈಮ್‌ಸ್ಟ್ಯಾಂಪ್' ಯುಟಿಸಿಗೆ ಬದಲಿಸಿಯೇ ಇಡುತ್ತದೆ, ಆದರೆ 2038ರ ಜನವರಿ 19ಕ್ಕೆ ಅದರ ಮಿತಿ ಮುಗಿಯುತ್ತದೆ. 'ಡೇಟ್‌ಟೈಮ್' ಏನನ್ನೂ ಬದಲಿಸುವುದಿಲ್ಲ. ಅದನ್ನು ಆರಿಸಿದರೆ ಎಲ್ಲ ಸೆಷನ್‌ಗಳ ವಲಯವನ್ನೂ '+00:00'ಗೆ, ಅಂದರೆ ಯುಟಿಸಿಗೆ, ಕಟ್ಟಿಹಾಕಲೇಬೇಕು. ಎಸ್‌ಕ್ಯುಎಲೈಟ್ ಡೇಟಾಬೇಸ್‌ನ 'ಕರೆಂಟ್_ಟೈಮ್‌ಸ್ಟ್ಯಾಂಪ್' ಯಾವಾಗಲೂ ಯುಟಿಸಿ, ಆದರೆ ಗುರುತಿಲ್ಲದ ಪಠ್ಯ. ಓದುವ ಕೋಡ್ ಅದನ್ನು ಸ್ಥಳೀಯ ಸಮಯ ಎಂದುಕೊಂಡರೆ ಅಲ್ಲೇ ಎಡವಟ್ಟು.

ಹಳೆಯ ಕಾಲಂ ಬದಲಿಸುವಾಗ ಹೆಚ್ಚು ಎಚ್ಚರ ಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಟೈಪ್ ಅಷ್ಟೇ ಬದಲಿಸಿದರೆ ಹಳೆಯ ಸಮಯಗಳನ್ನೆಲ್ಲ ಆ ಆಜ್ಞೆ ಓಡಿಸಿದ ಸೆಷನ್‌ನ ವಲಯದ್ದೆಂದು ಓದುತ್ತದೆ. ಮೊದಲು ಯಾವ ಸಾಲನ್ನು ಯಾವ ಪ್ರೋಗ್ರಾಂ ಬರೆದಿದೆ ಎಂದು ವಿಂಗಡಿಸಿ. ಹೊಸ ಕಾಲಂ ಸೇರಿಸಿ, ಪ್ರತಿ ಗುಂಪಿಗೂ 'ಅಟ್ ಟೈಮ್ ಝೋನ್' ಮೂಲಕ ಅದರದೇ ವಲಯ ಹೇಳಿ ತುಂಬಿ. ಪರಿಶೀಲನೆ ಮುಗಿಯುವವರೆಗೆ ಹಳೆಯದನ್ನು ಅಳಿಸಬೇಡಿ.

ಇಷ್ಟಾದರೂ ಕೆಲವು ಸಾಲು ಕೈಗೆ ಸಿಗುವುದಿಲ್ಲ. ನ್ಯೂಯಾರ್ಕ್‌ನಲ್ಲಿ 2024ರ ನವೆಂಬರ್ 3ರಂದು ಬೇಸಿಗೆ ಸಮಯ ಮುಗಿದು ಗಡಿಯಾರ ಒಂದು ಗಂಟೆ ಹಿಂದೆ ಹೋದದ್ದರಿಂದ ರಾತ್ರಿ 1:30 ಎರಡು ಸಲ ಬಂತು. ಸ್ಥಳೀಯ ಸಮಯ ಮಾತ್ರ ಇದ್ದರೆ ಅದು ಮೊದಲನೆಯದೋ ಎರಡನೆಯದೋ ಹೇಳಲಾಗದು; ಪೋಸ್ಟ್‌ಗ್ರೆಸ್ ಸುಮ್ಮನೆ ಎರಡನೆಯದು ಎಂದುಕೊಳ್ಳುತ್ತದೆ. ಅಂಥ ಸಾಲುಗಳನ್ನು ಸಾಲು ಸೇರಿದಂತೆ ಏರುತ್ತ ಹೋಗುವ ಐಡಿಗಳ ಜೊತೆ, ಸರ್ವರ್ ಲಾಗ್‌ಗಳ ಜೊತೆ ತಾಳೆ ನೋಡಿ ಒಂದೊಂದಾಗಿ ತಿದ್ದಬೇಕು.