ಮನ ಒಲಿದರೆ ಸಾಲದು, ಮನೆಯಿಂದ ಹೊರಡಬೇಕು

2016ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಡೊನಾಲ್ಡ್ ಟ್ರಂಪ್ ಮಿಷಿಗನ್ ರಾಜ್ಯವನ್ನು ಗೆದ್ದದ್ದು 10,704 ಮತಗಳಿಂದ. ಬಿದ್ದ ಮತ ಸುಮಾರು 48 ಲಕ್ಷ. ಅಂತರ ಎಷ್ಟೇ ಸಣ್ಣದಿರಲಿ, ಅಧ್ಯಕ್ಷರನ್ನು ಆರಿಸಲು ರಾಜ್ಯಕ್ಕಿರುವ ಎಲೆಕ್ಟೋರಲ್ ಮತಗಳೆಲ್ಲ ಗೆದ್ದವರ ಪಾಲು. ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟರೆ ಉಳಿದ ಕಡೆಯೆಲ್ಲ ಇದೇ ಲೆಕ್ಕ. ಹಾಗಾಗಿ ಅಂಥ 538 ಮತಗಳಲ್ಲಿ 270 ಮುಟ್ಟಬೇಕಾದ ಅಭ್ಯರ್ಥಿ, ಯಾರು ಗೆಲ್ಲುತ್ತಾರೆಂದು ಮೊದಲೇ ಗೊತ್ತಿರುವ ಕ್ಯಾಲಿಫೋರ್ನಿಯಾಕ್ಕೆ ಹೋಗುವುದು ಮತ ಕೇಳಲಿಕ್ಕಲ್ಲ, ದೇಣಿಗೆ ಎತ್ತಲಿಕ್ಕೆ. 2024ರಲ್ಲಿ ನಿಜವಾದ ಕಾದಾಟ ನಡೆದದ್ದು ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್, ಜಾರ್ಜಿಯಾ, ನಾರ್ತ್ ಕ್ಯಾರೊಲಿನಾ, ಅರಿಜೋನಾ, ನೆವಾಡಾ ಎಂಬ ಏಳೇ ರಾಜ್ಯಗಳಲ್ಲಿ. ಏಳೂ ಟ್ರಂಪ್ ಕೈಸೇರಿದವು.

ಟಿವಿಯಲ್ಲಿ ಕಾಣುವ ಸಭೆ, ಚರ್ಚೆ, ಬೈದಾಟವೇ ಪ್ರಚಾರ ಎಂದುಕೊಂಡವರಿಗೆ ನನ್ನ ಕೆಲಸ ಬಲು ನೀರಸ ಅನ್ನಿಸೀತು. ನಾನು ಮಿಷಿಗನ್‌ನಲ್ಲಿ ಪ್ರಚಾರ ತಂಡಗಳಿಗೆ ಮತದಾರರ ಪಟ್ಟಿ ಸೋಸಿಕೊಡುತ್ತೇನೆ. ನೀವು ಯಾರಿಗೆ ಮತ ಹಾಕಿದಿರಿ ಎಂಬುದು ಇಲ್ಲೂ ಗುಟ್ಟೇ. ಆದರೆ ಯಾವ ಯಾವ ಚುನಾವಣೆಯಲ್ಲಿ ಮತ ಹಾಕಿದಿರಿ, ಯಾವುದಕ್ಕೆ ಹೋಗದೆ ಮನೆಯಲ್ಲೇ ಉಳಿದಿರಿ ಎಂಬುದು ಸಾರ್ವಜನಿಕ ದಾಖಲೆ. ಹೆಸರು, ವಿಳಾಸ, ಹುಟ್ಟಿದ ವರ್ಷದ ಜೊತೆಗೇ ಅದೂ ಸಿಗುತ್ತದೆ. ಊರಿನ ಗೆಳೆಯರಿಗೆ ಇದನ್ನು ಹೇಳಿದರೆ ನಂಬುವುದೇ ಇಲ್ಲ.

ಪೆನ್ಸಿಲ್ವೇನಿಯಾದಂಥ ರಾಜ್ಯಗಳಲ್ಲಿ ಮತದಾರರು ಪಕ್ಷದ ಹೆಸರನ್ನೂ ನೋಂದಾಯಿಸಬಹುದು. ಮಿಷಿಗನ್‌ನಲ್ಲಿ ಆ ಪದ್ಧತಿ ಇಲ್ಲ, ಆದ್ದರಿಂದ ಊಹಿಸಬೇಕು. ವಯಸ್ಸು, ಬಡಾವಣೆ, ಹಿಂದಿನ ಸಮೀಕ್ಷೆಗಳ ಉತ್ತರ ಎಲ್ಲವನ್ನೂ ಕೂಡಿಸಿ ಪ್ರತಿಯೊಬ್ಬರಿಗೂ ನೂರಕ್ಕೆ ಇಷ್ಟು ಎಂದು ಎರಡು ಅಂಕ ಕೊಡುತ್ತೇವೆ: ನಮ್ಮ ಪರ ಇರುವ ಸಾಧ್ಯತೆ ಒಂದು, ಮತ ಹಾಕಲು ಬರುವ ಸಾಧ್ಯತೆ ಇನ್ನೊಂದು. ಮತದಾರರ ಮೂಲ ಯಾವ ದೇಶ ಎಂಬುದನ್ನು ಕುಲನಾಮದಿಂದ ಅಳೆಯುವುದೂ ಉಂಟು. ಗೌಡ, ಹೆಗಡೆ ಎಂದಿದ್ದರೆ ಸರಿ. ಮಂಗಳೂರಿನ ಪಿಂಟೊ, ಲೋಬೊಗಳು ಬಂದರೆ ಲೆಕ್ಕ ಎಡವುತ್ತದೆ, ಲ್ಯಾಟಿನ್ ಅಮೆರಿಕದವರೆಂದುಕೊಂಡು ಅವರ ಮನೆಗೆ ಸ್ಪ್ಯಾನಿಷ್ ಕರಪತ್ರ ಹೋಗಿ ಬೀಳುತ್ತದೆ.

ಎರಡೂ ಅಂಕ ಹೆಚ್ಚಿರುವವರ ಬಾಗಿಲು ತಟ್ಟುವುದು ದಂಡ. ಅವರು ಹೇಗೂ ಬರುತ್ತಾರೆ. ನಮ್ಮ ಪರ ಅಂಕ ತಳ ಹಿಡಿದವರ ಹತ್ತಿರ ಹೋದರೆ ಅವರಿಗೆ ಚುನಾವಣೆ ನೆನಪಿಸಿದಂತಾಗುತ್ತದೆ, ಅದು ಇನ್ನೂ ಕೆಟ್ಟದ್ದು. ಬೇಕಾದವರು ಮನಸ್ಸು ನಮ್ಮ ಕಡೆ ಇದ್ದೂ ಕಾಲು ಮನೆಯಲ್ಲೇ ಇರುವವರು. ಹಾಗಾಗಿ ಕಾರ್ಯಕರ್ತ ಬೀದಿಯ ಎಲ್ಲ ಮನೆಗೂ ಹೋಗುವುದಿಲ್ಲ. ಫೋನ್‌ನಲ್ಲಿರುವ ಆ್ಯಪ್ ತೋರಿಸಿದ ಬಾಗಿಲುಗಳನ್ನಷ್ಟೇ ತಟ್ಟುತ್ತಾನೆ. ಮಾತು ಮುಗಿದ ಮೇಲೆ ಒಂದರಿಂದ ಐದರವರೆಗೆ ಗುರುತು ಹಾಕುತ್ತಾನೆ: ಒಂದು ಎಂದರೆ ಗಟ್ಟಿ ಬೆಂಬಲಿಗ, ಐದು ಎಂದರೆ ಆ ಕಡೆಯವರು. ಯಾರೂ ಇಲ್ಲದಿದ್ದರೆ ಕರಪತ್ರವನ್ನು ಬಾಗಿಲ ಹಿಡಿಗೆ ಸಿಕ್ಕಿಸಬೇಕು. ಮನೆ ಮುಂದಿನ ಅಂಚೆಪೆಟ್ಟಿಗೆಗೆ ಹಾಕುವಂತಿಲ್ಲ, ಅಂಚೆಚೀಟಿ ಇಲ್ಲದ ಕಾಗದ ಅದರೊಳಗೆ ಹಾಕುವುದು ಫೆಡರಲ್ ಕಾನೂನಿಗೆ ವಿರುದ್ಧ. ಹೊಸ ಹುಡುಗರಿಗೆ ಮೊದಲ ದಿನ ಹೇಳುವ ಮಾತೇ ಇದು.

ಜನರನ್ನು ಮನೆಯಿಂದ ಹೊರಡಿಸುವುದು ಏನು ಎಂಬುದಕ್ಕೆ ಪ್ರಸಿದ್ಧವಾದ ಪ್ರಯೋಗ ನಡೆದದ್ದೂ ಮಿಷಿಗನ್‌ನಲ್ಲೇ. 2006ರ ಆಗಸ್ಟ್ ಪ್ರೈಮರಿಗೆ (ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ಚುನಾವಣೆ) ಮುಂಚೆ ಸಂಶೋಧಕರು ಸಾವಿರಾರು ಮನೆಗಳಿಗೆ ಬೇರೆ ಬೇರೆ ಪತ್ರ ಕಳಿಸಿದರು. ಏನೂ ಕಳಿಸದ ಮನೆಗಳಲ್ಲಿ ಮತ ಹಾಕಿದವರು ಶೇ 29.7. 'ಮತದಾನ ನಿಮ್ಮ ಕರ್ತವ್ಯ' ಎಂಬ ಪತ್ರ ಪಡೆದವರಲ್ಲಿ ಶೇ 31.5. ಮತ್ತೊಂದು ಪತ್ರದಲ್ಲಿ ಆ ಮನೆಯವರದಷ್ಟೇ ಅಲ್ಲ, ನೆರೆಹೊರೆಯವರ ಹೆಸರೂ ಇತ್ತು. ಹಿಂದಿನ ಚುನಾವಣೆಯಲ್ಲಿ ಯಾರು ಮತ ಹಾಕಿದರು ಎಂಬುದೂ ಇತ್ತು. ಈ ಸಲದ್ದನ್ನೂ ಸೇರಿಸಿ ಮತ್ತೆ ಕಳಿಸುತ್ತೇವೆ ಎಂದು ಬರೆದಿತ್ತು. ಅದು ತಲುಪಿದವರಲ್ಲಿ ಮತ ಹಾಕಿದವರು ಶೇ 37.8. ಉಪದೇಶಕ್ಕೆ ಜಗ್ಗದವರು ಪಕ್ಕದ ಮನೆಯವರ ಕಣ್ಣಿಗೆ ಅಂಜಿದರು. ಅಷ್ಟು ಒರಟಾಗಿ ಬರೆಯಲು ಅಭ್ಯರ್ಥಿಗಳಿಗೆ ಧೈರ್ಯ ಬರುವುದಿಲ್ಲ, ಬೈಗುಳ ತಿನ್ನಬೇಕಾಗುತ್ತದೆ. 'ಕಳೆದ ಸಲ ಮತ ಹಾಕಿದ್ದಕ್ಕೆ ಧನ್ಯವಾದ' ಎಂದು ನಯವಾಗಿ ಬರೆದು ಅದೇ ಕೆಲಸ ಮಾಡಿಸುತ್ತಾರೆ.

ಈಗ ಮತದಾನದ 'ದಿನ' ಎಂಬುದೂ ಉಳಿದಿಲ್ಲ. ಮಿಷಿಗನ್‌ನಲ್ಲಿ ಅಂಚೆ ಮತಪತ್ರ 40 ದಿನ ಮುಂಚೆಯೇ ಸಿಗುತ್ತದೆ. ಯಾರ ಮತಪತ್ರ ಮರಳಿ ಬಂತು ಎಂಬ ಮಾಹಿತಿಯೂ ಹೊರಬೀಳುತ್ತಲೇ ಇರುತ್ತದೆ. ಬಂದವರ ಹೆಸರು ತೆಗೆದು ಉಳಿದವರ ಬೆನ್ನು ಹತ್ತುವುದೇ ಅಕ್ಟೋಬರ್ ತಿಂಗಳಿಡೀ ನಮ್ಮ ಉದ್ಯೋಗ. ದಿನಾ ಬರುವ ಫೋನು, ಮೆಸೇಜು ನಿಲ್ಲಬೇಕಾದರೆ ಮತಪತ್ರ ತುಂಬಿ ಕಳಿಸಿಬಿಡಿ ಎಂದು ಪರಿಚಯದವರಿಗೆ ಹೇಳುತ್ತಿರುತ್ತೇನೆ.

ದುಡ್ಡಿನ ಮಾತು. ಖರ್ಚಿಗೆ ಮಿತಿ ಹಾಕುವುದನ್ನು ಸುಪ್ರೀಂ ಕೋರ್ಟ್ 1976ರಲ್ಲೇ ತಳ್ಳಿಹಾಕಿದೆ. ಆದರೆ ಒಬ್ಬ ವ್ಯಕ್ತಿ ಅಭ್ಯರ್ಥಿಗೆ ಕೊಡುವ ದೇಣಿಗೆಗೆ ಮಿತಿ ಇದೆ. 2024ರಲ್ಲಿ ಅದು 3,300 ಡಾಲರ್, ಪ್ರೈಮರಿಗೆ ಬೇರೆ, ನವೆಂಬರ್‌ನ ಅಂತಿಮ ಚುನಾವಣೆಗೆ ಬೇರೆ. 2010ರ ತೀರ್ಪುಗಳ ನಂತರ ಹುಟ್ಟಿದ ಸೂಪರ್ ಪ್ಯಾಕ್‌ಗಳಿಗೆ, ಅಂದರೆ ಹೊರಗಿನಿಂದ ದುಡ್ಡು ಎತ್ತಿ ಪ್ರಚಾರಕ್ಕೆ ಸುರಿಯುವ ಸಂಘಟನೆಗಳಿಗೆ, ಮಿತಿಯಿಲ್ಲ, ಜಾಹೀರಾತಿನ ವಿಷಯದಲ್ಲಿ ಅಭ್ಯರ್ಥಿಯ ಜೊತೆ ಸಮಾಲೋಚಿಸುವಂತಿಲ್ಲ ಅಷ್ಟೆ. ಪತ್ರಿಕೆಗಳು ಈ ಕೋಟಿಗಳನ್ನು ಕಂಡು ಬೆಚ್ಚುತ್ತವೆ. ನಾನು ಮಾತ್ರ ಅಭ್ಯರ್ಥಿಯ ಸ್ವಂತ ಖಾತೆಯನ್ನು ಮೊದಲು ನೋಡುತ್ತೇನೆ. ನವೆಂಬರ್ ಚುನಾವಣೆಗೆ ಹಿಂದಿನ 60 ದಿನ ಟಿವಿ ಕೇಂದ್ರಗಳು ಅಭ್ಯರ್ಥಿಗೆ ತಮ್ಮ ಕನಿಷ್ಠ ದರದಲ್ಲೇ ಜಾಹೀರಾತು ಸಮಯ ಕೊಡಬೇಕು. ಸೂಪರ್ ಪ್ಯಾಕ್‌ಗೆ ಆ ರಿಯಾಯಿತಿ ಇಲ್ಲ. ಅದೇ 30 ಸೆಕೆಂಡಿಗೆ ಹಲವು ಪಟ್ಟು ತೆರಬೇಕಾಗಬಹುದು.

ಹಣಕ್ಕೂ ಪಟ್ಟಿಗೂ ಗರಿಷ್ಠ ಬೆಲೆ ಬರುವುದು ಕಾಂಗ್ರೆಸ್‌ನ, ಅಂದರೆ ಅಮೆರಿಕದ ಸಂಸತ್ತಿನ, ಪ್ರೈಮರಿಗಳಲ್ಲಿ. ಪ್ರತಿನಿಧಿ ಸಭೆಯ 435 ಕ್ಷೇತ್ರಗಳಲ್ಲಿ ಹೆಚ್ಚಿನವು ಯಾವುದೋ ಒಂದು ಪಕ್ಷಕ್ಕೆ ಕಾಯಂ. ಅಲ್ಲಿ ನವೆಂಬರ್ ಬರೀ ಶಾಸ್ತ್ರ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಡೆಟ್ರಾಯಿಟ್‌ನ 13ನೇ ಕ್ಷೇತ್ರದಿಂದ ಆಯ್ಕೆಯಾದದ್ದು ಹೀಗೇ. ಆಗಸ್ಟ್‌ನ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಒಂಬತ್ತು ಮಂದಿ ಕಣದಲ್ಲಿದ್ದರು. ಸ್ವಂತ ಹಣ ಸುರಿದ ಅವರಿಗೆ ಬಂದದ್ದು ಸುಮಾರು ಶೇ 28 ಮತ. ಅಷ್ಟಕ್ಕೇ ಟಿಕೆಟ್ ಸಿಕ್ಕಿತು. ನವೆಂಬರ್‌ನಲ್ಲಿ ಅದೇ ಕ್ಷೇತ್ರ ಶೇ 71 ಕೊಟ್ಟಿತು.

ಆಗಸ್ಟ್‌ನ ಬಿಸಿಲಲ್ಲಿ ಪ್ರೈಮರಿಗೆ ಬರುವವರು ಕಡಿಮೆ, ಬರುವವರು ಪ್ರತಿಸಲ ಅವರೇ. ಆ ಪಟ್ಟಿ ಯಾರ ಕೈಗೆ ಬೇಗ ಸಿಕ್ಕಿತೋ ಅವರು ಅಷ್ಟು ಮುಂದೆ. ಪ್ರತಿನಿಧಿ ಸಭೆಯ ಅವಧಿ ಎರಡೇ ವರ್ಷ. ಹಾಗಾಗಿ ಜನವರಿಯಲ್ಲಿ ಪ್ರಮಾಣವಚನ ಮುಗಿದ ವಾರವೇ ಮುಂದಿನ ಪ್ರೈಮರಿಯ ಪಟ್ಟಿ ಕೇಳಿಕೊಂಡು ಕೆಲವರು ಫೋನ್ ಮಾಡುತ್ತಾರೆ.