ಸಿಪಾಯಿಯ ಪತ್ರದಲ್ಲಿ ಮಾತಾಡುತ್ತಿರುವವರು ಯಾರು? ಮೊದಲ ಮಹಾಯುದ್ಧದ ಪತ್ರಗಳನ್ನು ಓದುವವರಿಗೆ ಒಂದು ಟಿಪ್ಪಣಿ

ಮೊದಲ ಮಹಾಯುದ್ಧ ಆರಂಭವಾದ ಕೆಲವೇ ವಾರಗಳಲ್ಲಿ ಭಾರತೀಯ ಸೇನೆಯ ಲಾಹೋರ್ ಡಿವಿಷನ್ ಹಡಗು ಹತ್ತಿ, ಈಜಿಪ್ಟ್ ಮಾರ್ಗವಾಗಿ ಸಾಗಿ, 1914ರ ಸೆಪ್ಟೆಂಬರ್ 26ರಂದು ಫ್ರಾನ್ಸಿನ ಮಾರ್ಸೇಲ್ ಬಂದರನ್ನು ಮುಟ್ಟಿತು. ಅಲ್ಲಿನ ಶಿಬಿರಗಳಿಂದ, ಮುಂದೆ ಕಂದಕಗಳಿಂದ ಮತ್ತು ಇಂಗ್ಲೆಂಡಿನ ಆಸ್ಪತ್ರೆಗಳಿಂದ ಸಿಪಾಯಿಗಳು ಊರಿಗೆ ಬರೆದ ಪತ್ರಗಳೇ ಈ ಟಿಪ್ಪಣಿಯ ವಿಷಯ. ಯುದ್ಧದ ಘಟನಾವಳಿ ಯಾವ ಪಠ್ಯಪುಸ್ತಕದಲ್ಲಾದರೂ ಸಿಗುವುದರಿಂದ ಅದನ್ನು ಇಲ್ಲಿ ಬಿಟ್ಟಿದ್ದೇನೆ.

ನಾನು ಎಡವಿದ್ದು ಬೇರೆ ಕಡೆ. ಒಂದರ ಹಿಂದೊಂದು ಪತ್ರದಲ್ಲಿ ‘ನಾನು ಕ್ಷೇಮ, ಇಲ್ಲಿ ಎಲ್ಲ ಅನುಕೂಲವಿದೆ’ ಎಂಬ ಅರ್ಥದ ಮಾತು ಬಂದಾಗ, ಶಿಬಿರದ ಬದುಕು ನಿಜಕ್ಕೂ ಸುಖವಾಗಿತ್ತೆಂದು ಬರೆದುಕೊಂಡೆ. ಕೆಲವು ಪುಟಗಳ ನಂತರ, ಈ ಯುದ್ಧ ಮಹಾಭಾರತದ ಯುದ್ಧದಂತಿದೆ, ಇಲ್ಲಿಂದ ಯಾರೂ ಉಳಿದು ಬರುವುದಿಲ್ಲ ಎಂಬ ಧಾಟಿಯ ಮಾತುಗಳು ಎದುರಾದವು. ಎರಡೂ ಹೇಗೆ ನಿಜವಾಗಲು ಸಾಧ್ಯ ಎಂಬ ಗೊಂದಲ ಎರಡು ದಿನ ಬಿಡಲಿಲ್ಲ. ನಮ್ಮ ಹಳೆಯ ಪತ್ರಗಳ ತಲೆಯಲ್ಲಿ ಇರುತ್ತಿದ್ದ ‘ಉಭಯ ಕುಶಲೋಪರಿ’ ನೆನಪಾದ ಮೇಲೆ ಗಂಟು ಸಡಿಲವಾಯಿತು. ಆ ಪದ ಬರೆದವರ ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿದ್ದರೂ ಅದು ಅಲ್ಲಿ ಇದ್ದೇ ಇರುತ್ತಿತ್ತು. ಅದು ವರದಿಯಲ್ಲ, ಪತ್ರದ ಹೊಸ್ತಿಲು. ಸಿಪಾಯಿಯ ಕ್ಷೇಮದ ಮಾತನ್ನೂ ಹಾಗೆಯೇ ಓದಬೇಕು. ಹೊಸ್ತಿಲು ದಾಟಿದ ಮೇಲಿನ ಮೊದಲ ವಾಕ್ಯದಿಂದಲೇ ಅವನ ಸ್ವಂತ ಮಾತು ಆರಂಭವಾಗುತ್ತದೆ ಎಂದು ಹಿಡಿದರೆ ಹೆಚ್ಚಿನ ಪತ್ರಗಳು ತೆರೆದುಕೊಳ್ಳುತ್ತವೆ.

ಆದರೆ ‘ಸ್ವಂತ ಮಾತು’ ಎನ್ನುವಾಗಲೂ ನಿಲ್ಲಬೇಕು. ಬಹಳಷ್ಟು ಸಿಪಾಯಿಗಳಿಗೆ ಬರೆಯಲು ಬರುತ್ತಿರಲಿಲ್ಲ. ಅವರು ಹೇಳಿದ್ದನ್ನು ಓದುಬರಹ ಬಲ್ಲ ಜೊತೆಗಾರ ಅಥವಾ ಬರಹಗಾರ ಕಾಗದಕ್ಕಿಳಿಸುತ್ತಿದ್ದ. ಅದನ್ನು ರೆಜಿಮೆಂಟಿನಲ್ಲಿ ಒಮ್ಮೆ ಪರಿಶೀಲಿಸುತ್ತಿದ್ದರು. ಬಳಿಕ ಫ್ರಾನ್ಸಿನ ಬುಲೋನ್‌ನಲ್ಲಿ ಕ್ಯಾಪ್ಟನ್ ಇ. ಬಿ. ಹೋವೆಲ್ ಮುಖ್ಯಸ್ಥರಾಗಿದ್ದ ಸೆನ್ಸಾರ್ ಕಚೇರಿಯಲ್ಲಿ ಉರ್ದು, ಗುರುಮುಖಿ, ಹಿಂದಿ ಮೊದಲಾದ ಬರಹಗಳಿಂದ ಆಯ್ದ ಭಾಗಗಳು ಇಂಗ್ಲಿಷಿಗೆ ಅನುವಾದವಾಗಿ ವರದಿಗೆ ಸೇರುತ್ತಿದ್ದವು. ನಾವು ಇಂದು ಓದುತ್ತಿರುವುದು ಹೆಚ್ಚಾಗಿ ಆ ವರದಿಗಳ ಭಾಗಗಳನ್ನೇ. ಊರಿನಲ್ಲೂ ಪತ್ರವನ್ನು ಬೇರೆಯವರು ಗಟ್ಟಿಯಾಗಿ ಓದಿ ಹೇಳುವುದು ಸಾಮಾನ್ಯವಾಗಿದ್ದುದರಿಂದ, ಹೆಂಡತಿಗೆಂದು ಆಡಿದ ಮಾತು ಕೂಡ ನಾಲ್ಕು ಜನರ ಕಿವಿಗೆ ಬೀಳುತ್ತದೆಂದು ಗಂಡನಿಗೆ ಗೊತ್ತಿತ್ತು. ಸೆನ್ಸಾರ್ ಹುಡುಕುತ್ತಿದ್ದುದು ಸೈನಿಕರ ಮನೋಬಲದ ಸುಳಿವನ್ನಾದ್ದರಿಂದ ದೂರು, ಭಯ, ನಿಷ್ಠೆಯ ಸಾಲುಗಳು ಉಳಿದುಕೊಂಡವು. ಎಮ್ಮೆ ಕರು ಹಾಕಿತೇ ಎಂಬಂಥ ವಿಚಾರಣೆಗಳು ಎಷ್ಟೋ ಬಿಟ್ಟುಹೋಗಿರಬೇಕು. ಆ ನಷ್ಟ ನನಗೆ ತುಂಬ ದುಃಖದ್ದೆನಿಸುತ್ತದೆ.

ಹಡಗಿನ ಬದುಕಿನ ಬಗ್ಗೆ ಒಂದೇ ಮಾತು: ನಡುಗಡಲಿನಲ್ಲಿ ಅಂಚೆಗೆ ಹಾಕುವ ಸೌಲಭ್ಯವಿಲ್ಲದ್ದರಿಂದ ಪ್ರಯಾಣದ ಸುದ್ದಿ ಊರು ತಲುಪುತ್ತಿದ್ದುದು ಬಂದರು ಮುಟ್ಟಿದ ಮೇಲೆಯೇ. ಹೀಗಾಗಿ ಸಮುದ್ರದ ಭಯ ಅನೇಕ ವೇಳೆ ಗಟ್ಟಿನೆಲದ ಮೇಲೆ ನಿಂತವನ ನೆನಪಾಗಿ ಬರುತ್ತದೆ.

ಶಿಬಿರ ಮತ್ತು ಆಸ್ಪತ್ರೆಯ ಪತ್ರಗಳಲ್ಲಿ ಊಟದ ಪ್ರಸ್ತಾಪ ಬಂದರೆ ಅದನ್ನು ಸಣ್ಣ ವಿಷಯವೆಂದು ದಾಟಬೇಡಿ. ಕಡಲು ದಾಟಿದರೆ ಜಾತಿ ಕೆಡುತ್ತದೆ ಎಂಬ ಅಳುಕು ಹಲವು ಹಿಂದೂ ಮನೆಗಳಲ್ಲಿ ಇನ್ನೂ ಇದ್ದ ಕಾಲ ಅದು. ಇಂಗ್ಲೆಂಡಿನ ಬ್ರೈಟನ್‌ನ ರಾಯಲ್ ಪೆವಿಲಿಯನ್ ಅರಮನೆಯನ್ನು ಗಾಯಾಳುಗಳ ಆಸ್ಪತ್ರೆ ಮಾಡಿದಾಗ ಒಂಬತ್ತು ಅಡುಗೆಮನೆಗಳನ್ನು ಏರ್ಪಡಿಸಿ, ಹಿಂದೂಗಳಿಗೂ ಮುಸ್ಲಿಮರಿಗೂ ಬೇರೆಬೇರೆ ನೀರಿನ ನಲ್ಲಿ ಇಟ್ಟಿದ್ದರು. ಅಡುಗೆ ನಮ್ಮ ಕ್ರಮದಂತೆಯೇ ನಡೆಯುತ್ತಿದೆ ಎಂದು ಸಿಪಾಯಿ ಬರೆಸಿದರೆ, ತಾಯಿ ಕೇಳದೆ ನುಂಗಿಕೊಂಡ ಪ್ರಶ್ನೆಗೆ ಅವನು ಉತ್ತರ ಕೊಡುತ್ತಿದ್ದಾನೆ.

ಪತ್ರದ ಕಾಲ ಗುರುತಿಸಲು ನನಗೆ ಬಹಳ ಉಪಯೋಗಕ್ಕೆ ಬಂದ ದಾರಿ ಇದು: ಬರೆದವನು ಕಾಲಾಳು ಪಡೆಯ ಸಿಪಾಯಿಯೋ ಕುದುರೆ ಪಡೆಯ ಸವಾರನೋ ನೋಡಿ. 1915ರ ಕೊನೆಗೆ ಕಾಲಾಳು ಪಡೆಗಳನ್ನು ಫ್ರಾನ್ಸಿನಿಂದ ಮೆಸೊಪೊಟೇಮಿಯಾ (ಇಂದಿನ ಇರಾಕ್) ಕಡೆಗೆ ಸಾಗಿಸಿದರು. ಕುದುರೆ ಪಡೆ 1918ರ ಆರಂಭದವರೆಗೆ ಫ್ರಾನ್ಸಿನಲ್ಲೇ ಉಳಿಯಿತು. ಆದ್ದರಿಂದ ಫ್ರಾನ್ಸಿನಿಂದ ಬಂದ 1916 ಮತ್ತು 1917ರ ಪತ್ರಗಳಲ್ಲಿ ಸವಾರರ ದನಿಯೇ ಹೆಚ್ಚು.

ಕೊನೆಗೆ ಮೆಣಸಿನ ಪತ್ರ. ಒಬ್ಬ ಸೈನಿಕ, ಕರಿಮೆಣಸು ಮುಗಿದಿದೆ, ಈಗ ಕೆಂಪು ಮೆಣಸು ಬಳಸುತ್ತಿದ್ದಾರೆ, ಆದರೂ ಖಾರ ಕರಿಮೆಣಸಿಗೇ ಹೆಚ್ಚು ಎಂಬರ್ಥದಲ್ಲಿ ಬರೆಸಿದ್ದಾನೆ. ಕರಿಮೆಣಸೆಂದರೆ ಭಾರತೀಯ ಸೈನಿಕರು, ಕೆಂಪು ಮೆಣಸೆಂದರೆ ಬ್ರಿಟಿಷ್ ಸೈನಿಕರು. ಅಡುಗೆಮನೆಯ ಇಷ್ಟೇ ಪದಗಳಲ್ಲಿ ಸಾವುನೋವಿನ ಲೆಕ್ಕವೂ ತನ್ನವರ ಬಗೆಗಿನ ಅಭಿಮಾನವೂ ಕೂತಿವೆ. ಇಲ್ಲಿ ಬರಹಗಾರನ ಕೈ, ಅನುವಾದಕನ ಭಾಷೆ ಎಲ್ಲವನ್ನೂ ದಾಟಿ ಸಿಪಾಯಿಯ ದನಿ ನೇರವಾಗಿ ಕೇಳಿಸುತ್ತದೆ. ಸೆನ್ಸಾರ್ ಕಣ್ಣಿಗೆ ಬಿದ್ದು ನಕಲಾದ ಕಾರಣಕ್ಕೇ ಆ ಸಾಲು ಇಂದು ನಮ್ಮ ಮುಂದಿದೆ.