ಟೋಪಿ, ಮೀಸೆ, ಒಂದು ನೆಗೆತ: ವಿಡಿಯೋ ಗೇಮ್ ಪಾತ್ರಗಳು ಉಳಿದುಬಂದ ಬಗೆ

ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಶಾಲಾಚೀಲಗಳನ್ನು ಸಾಲಾಗಿ ನೇತುಹಾಕಿ ಮಾರುವ ಕಡೆ ಸ್ವಲ್ಪ ಹೊತ್ತು ನಿಂತು ನೋಡಿದರೆ, ಚೀಲಗಳ ಮೇಲಿನ ಚಿತ್ರಗಳ ವಯಸ್ಸಿಗೂ ಅವನ್ನು ಆರಿಸುವ ಮಕ್ಕಳ ವಯಸ್ಸಿಗೂ ಇರುವ ಅಂತರ ಎದ್ದು ಕಾಣುತ್ತದೆ. ಕೆಂಪು ಟೋಪಿಯ ಮೀಸೆಯವನು, ಅಂದರೆ ಮಾರಿಯೋ, ಮೊದಲು ಪರದೆಯ ಮೇಲೆ ಬಂದದ್ದು 1981ರಲ್ಲಿ. ಹಳದಿ ಮೈಯ ಪಿಕಾಚು ಬಂದದ್ದು 1996ರಲ್ಲಿ. ಚೀಲಕ್ಕಾಗಿ ಹಟ ಹಿಡಿದಿರುವ ಮಗುವಿಗೆ ಆರೋ ಏಳೋ ವರ್ಷ. ಆ ಆಟಗಳನ್ನು ಅದು ಆಡಿರುವ ಸಾಧ್ಯತೆ ಕಡಿಮೆ, ಆದರೂ ಹೆಸರನ್ನು ತಪ್ಪದೆ ಹೇಳುತ್ತದೆ. ಅದೇ ಮಗುವಿನ ಅಣ್ಣ ದಿನವೂ ಮೊಬೈಲಿನಲ್ಲಿ ಆಡುವ ಗುಂಡಿನ ಕಾಳಗದ ನಾಯಕ ಯಾರೆಂದು ಕೇಳಿದರೆ ಅವನ ಬಳಿ ಉತ್ತರವಿರುವುದಿಲ್ಲ, ಏಕೆಂದರೆ ಆ ಆಟಕ್ಕೆ ಹೆಸರುಳ್ಳ ನಾಯಕನೇ ಇಲ್ಲ.

ಕೆಲವು ಪಾತ್ರಗಳು ತಲೆಮಾರು ದಾಟಿ ಉಳಿಯುವುದೇಕೆ, ಉಳಿದವು ನಾಲ್ಕೇ ವರ್ಷಕ್ಕೆ ಮರೆಯಾಗುವುದೇಕೆ ಎಂಬ ಪ್ರಶ್ನೆಗೆ ಇಂದು ಹಲವು ಉತ್ತರಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಪ್ರಚಾರಕ್ಕೆ ಸುರಿದ ಹಣವೇ ಕಾರಣ ಎನ್ನುವವರಿದ್ದಾರೆ. ಅದೆಲ್ಲ ಬಾಲ್ಯದ ಹಂಬಲ ಎನ್ನುವವರಿದ್ದಾರೆ. ಕಾರ್ಟೂನು, ಸಿನಿಮಾಗಳಿಲ್ಲದಿದ್ದರೆ ಈ ಪಾತ್ರಗಳು ಎಂದೋ ಅಳಿಯುತ್ತಿದ್ದವು ಎನ್ನುವವರೂ ಇದ್ದಾರೆ. ಮೂರರಲ್ಲೂ ಸತ್ಯಾಂಶವಿದೆ. ಆದರೆ ಅಪಾರ ಪ್ರಚಾರ ಪಡೆದ ಎಷ್ಟೋ ಪಾತ್ರಗಳು ಹೇಳಹೆಸರಿಲ್ಲದೆ ಹೋದವು, ಯಾವ ಜಾಹೀರಾತೂ ಇಲ್ಲದೆ ಕೊಡಗಿನ ತೋಟದ ಮನೆಗಳವರೆಗೆ ನಡೆದು ಬಂದ ಪಾತ್ರಗಳು ಉಳಿದುಕೊಂಡವು ಎಂಬುದನ್ನು ಈ ಉತ್ತರಗಳು ವಿವರಿಸುವುದಿಲ್ಲ. ಅದಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಮೊದಲ ಆಟಗಳಲ್ಲಿ ಪಾತ್ರಗಳೇ ಇರಲಿಲ್ಲ. 1972ರ ಪಾಂಗ್‌ನಲ್ಲಿ ಇದ್ದದ್ದು ಎರಡು ಗೆರೆ, ಒಂದು ಚುಕ್ಕೆ. 1980ರಲ್ಲಿ ಜಪಾನಿನ ನಾಮ್ಕೊ ಕಂಪನಿಯ ತೊರು ಇವಾತಾನಿ ರೂಪಿಸಿದ ಪ್ಯಾಕ್‌ಮ್ಯಾನ್‌ನಲ್ಲಿ ಬಾಯಿ ತೆರೆದು ಮುಚ್ಚುವ ಒಂದು ಹಳದಿ ವೃತ್ತ ಬಂದಾಗ, ಆಡುವವರಿಗೆ ಮೊದಲ ಬಾರಿಗೆ ಒಬ್ಬ ‘ಅವನು’ ಸಿಕ್ಕಿದ. ಅದಕ್ಕಿಂತಲೂ ಮುಖ್ಯವಾದ ಸಂಗತಿ ಅವನನ್ನು ಬೆನ್ನಟ್ಟುವ ನಾಲ್ಕು ಭೂತಗಳಲ್ಲಿತ್ತು. ಒಂದು ನೇರವಾಗಿ ಹಿಂದೆ ಬೀಳುತ್ತದೆ, ಇನ್ನೊಂದು ಮುಂದೆ ಹೋಗಿ ಅಡ್ಡಗಟ್ಟಲು ನೋಡುತ್ತದೆ, ಮತ್ತೊಂದು ಹತ್ತಿರ ಬಂದು ಹಿಂಜರಿದು ತಿರುಗಿ ಹೋಗುತ್ತದೆ. ನಾಲ್ಕರ ರೂಪವೂ ಒಂದೇ, ಬಣ್ಣ ಮಾತ್ರ ಬೇರೆ, ಸ್ವಭಾವವೆಲ್ಲ ನಡೆಯಲ್ಲಿದೆ. ಆಟದ ಪಾತ್ರ ಕತೆಯ ಪಾತ್ರಕ್ಕಿಂತ ಬೇರೆ ಜಾತಿಯದು ಎಂಬುದು ಅಲ್ಲಿಯೇ ತಿಳಿದುಹೋಗಿತ್ತು.

ಮಾರಿಯೋನ ಹುಟ್ಟು ಇನ್ನೂ ಆಕಸ್ಮಿಕ. ನಿಂಟೆಂಡೊ ಕಂಪನಿ ಪಪಾಯ್ ಎಂಬ ಹಳೆಯ ಕಾರ್ಟೂನಿನ ಹಕ್ಕು ಪಡೆದು ಆಟ ಮಾಡಬೇಕೆಂದಿತ್ತು. ಅದು ಕೈಗೂಡದಿದ್ದಾಗ ಯುವ ಕಲಾವಿದ ಶಿಗೆರು ಮಿಯಾಮೊಟೊ ಆ ಕಾರ್ಟೂನಿನ ನಾಯಕ, ಎದುರಾಳಿ, ನಾಯಕಿ ಎಂಬ ಮೂವರ ಜಗಳವನ್ನು ಒಬ್ಬ ಬಡಗಿ, ಒಂದು ಗೊರಿಲ್ಲಾ ಮತ್ತು ಒಬ್ಬ ಯುವತಿಯ ನಡುವೆ ಹೊಸದಾಗಿ ಹೆಣೆದರು. ಅದು ಡಾಂಕಿ ಕಾಂಗ್ ಎಂಬ ಆಟವಾಯಿತು. ಬಡಗಿಯನ್ನು ಚಿತ್ರಿಸಲು ಅವರಿಗಿದ್ದ ಜಾಗ ಅಗಲಕ್ಕೆ 16 ಚುಕ್ಕೆ, ಎತ್ತರಕ್ಕೆ 16 ಚುಕ್ಕೆ, ಬಣ್ಣ ಮೂರು. ಅಷ್ಟರಲ್ಲಿ ಬಾಯಿ ಬರೆಯಲಾಗದು, ಆದ್ದರಿಂದ ಮೂಗಿನ ಕೆಳಗೆ ಮೀಸೆ ಬಂತು. ನೆಗೆಯುವಾಗ ಹಾರುವ ಕೂದಲನ್ನು ತೋರಿಸಲಾಗದು, ಆದ್ದರಿಂದ ಟೋಪಿ ಬಂತು. ಬೀಸುವ ಕೈ ಮೈಯೊಡನೆ ಬೆರೆತುಹೋಗಬಾರದು, ಆದ್ದರಿಂದ ಅಂಗಿಗೆ ಒಂದು ಬಣ್ಣ, ಹೆಗಲಪಟ್ಟಿಯ ಕೆಲಸದ ಉಡುಪಿಗೆ ಇನ್ನೊಂದು ಬಣ್ಣ ಬಂತು. ಇಂದು ಜಗತ್ತು ಗುರುತಿಸುವ ಆ ಆಕಾರದ ಯಾವ ಭಾಗವೂ ಅಲಂಕಾರಕ್ಕೆಂದು ಬಂದದ್ದಲ್ಲ.

ವಿಜಯದಶಮಿಯ ರಾತ್ರಿ ಮಡಿಕೇರಿಯ ದಶಮಂಟಪಗಳ ಮೆರವಣಿಗೆ ನೋಡಿದವರಿಗೆ ಈ ತರ್ಕ ಅಪರಿಚಿತವಲ್ಲ. ಹೊಗೆ, ಬಣ್ಣದ ಬೆಳಕು ಮತ್ತು ಸಾವಿರಾರು ತಲೆಗಳ ಆಚೆ ನಿಂತವನಿಗೂ ಮಂಟಪದ ಮೇಲೆ ಅಸುರ ಯಾರು, ದೇವಿ ಯಾರು ಎಂದು ತಕ್ಷಣ ತಿಳಿಯಬೇಕು. ಹಾಗಾಗಿ ಅಲ್ಲಿ ಕಣ್ಣಿನ ರೆಪ್ಪೆಗಿಂತ ಕೊಂಬು ಮುಖ್ಯ, ಕಿರೀಟದ ಅಂಚು ಮುಖ್ಯ, ಎತ್ತಿದ ತೋಳು ಮುಖ್ಯ. ಅಸುರ ಸಾಯುತ್ತಾನೆಂಬುದು ನೆರೆದವರಿಗೆಲ್ಲ ಗೊತ್ತು. ಆದರೂ ಆ ಒಂದು ಚಲನೆಗಾಗಿ, ತ್ರಿಶೂಲ ಇಳಿಯುವ ಆ ಕ್ಷಣಕ್ಕಾಗಿ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳಗಿನ ಜಾವದ ಚಳಿಯಲ್ಲಿ ಕಾಯುತ್ತಾರೆ.

1983ರಲ್ಲಿ ಅಮೆರಿಕದ ಆಟಗಳ ಮಾರುಕಟ್ಟೆ ಕಳಪೆ ಆಟಗಳ ರಾಶಿಯಡಿ ಕುಸಿದುಬಿತ್ತು. ಎರಡು ವರ್ಷಗಳ ನಂತರ ಸೂಪರ್ ಮಾರಿಯೋ ಬ್ರದರ್ಸ್ ಬಂತು. ಇಡೀ ಆಟದ ಗಾತ್ರ 40 ಕಿಲೋಬೈಟ್. ಅಂದರೆ ಇಂದು ನಾವು ಕಳುಹಿಸುವ ಒಂದು ಸಾಧಾರಣ ಫೋಟೋಕ್ಕಿಂತ ಎಷ್ಟೋ ಪಾಲು ಚಿಕ್ಕದು. ಜಾಗ ಉಳಿಸಲು ಮೋಡಕ್ಕೂ ಪೊದೆಗೂ ಒಂದೇ ಆಕಾರ ಬಳಸಿ ಬಣ್ಣ ಮಾತ್ರ ಬದಲಿಸಲಾಗಿತ್ತು. ಉಳಿಸಿದ ಶ್ರಮವೆಲ್ಲ ನೆಗೆತಕ್ಕೆ ಹೋಯಿತು ಎಂದರೆ ತಪ್ಪಾಗದು. ಗುಂಡಿಯನ್ನು ಮೆಲ್ಲಗೆ ತಟ್ಟಿದರೆ ಗಿಡ್ಡ ನೆಗೆತ, ಒತ್ತಿ ಹಿಡಿದರೆ ಎತ್ತರದ ನೆಗೆತ. ಓಡಿ ಬಂದು ನಿಲ್ಲಹೊರಟರೆ ಕಾಲು ಸ್ವಲ್ಪ ಜಾರುತ್ತದೆ. ಮೊದಲ ಹಂತದಲ್ಲಿ ಒಂದಕ್ಷರ ವಿವರಣೆಯೂ ಇಲ್ಲ. ಎದುರಿಗೆ ಬರುವ ಕಂದು ಶತ್ರುವಿಗೆ ತಾಗಿದರೆ ಸಾವು, ಮೇಲಿಂದ ತುಳಿದರೆ ಗೆಲುವು ಎಂಬುದನ್ನು ಬೆರಳುಗಳೇ ಕಲಿಯುತ್ತವೆ. ಭಾಷೆ ಬೇಡದ ಈ ಪಾಠವೇ ಜಪಾನಿನ ಆಟವನ್ನು ವಿರಾಜಪೇಟೆಯ ಹುಡುಗನಿಗೂ ಅರ್ಥವಾಗುವಂತೆ ಮಾಡಿತು.

ಕೊಡಗಿಗೆ ಈ ಆಟಗಳು ಬಂದದ್ದು 1990ರ ದಶಕದಲ್ಲಿ, ಅದೂ ಅಸಲಿ ಯಂತ್ರದ ಮೂಲಕವಲ್ಲ. ನಿಂಟೆಂಡೊ ಯಂತ್ರವನ್ನು ನಕಲು ಮಾಡಿದ ಅಗ್ಗದ ಪೆಟ್ಟಿಗೆಗಳು ಮೈಸೂರಿನ ಅಂಗಡಿಗಳಿಂದ, ಕುಶಾಲನಗರದಿಂದ, ಕೆಲವೊಮ್ಮೆ ಗಲ್ಫ್‌ನಿಂದ ರಜೆಗೆ ಬಂದ ಬಂಧುಗಳ ಪೆಟ್ಟಿಗೆಯಿಂದ ಮನೆ ಸೇರಿದವು. ನಾವು ಅದನ್ನು ಟಿವಿ ಗೇಮ್ ಎನ್ನುತ್ತಿದ್ದೆವು. ಅದರ ಮೇಲ್ಗಡೆ ಸಿಕ್ಕಿಸುವ ಪ್ಲಾಸ್ಟಿಕ್ ತುಂಡು ನಮಗೆ ಕ್ಯಾಸೆಟ್ ಆಗಿತ್ತು. 9999999 ಆಟಗಳಿವೆ ಎಂದು ಮೇಲೆ ಬರೆದಿರುತ್ತಿದ್ದ ಕ್ಯಾಸೆಟ್ಟಿನಲ್ಲಿ ಬೆರಳೆಣಿಕೆಯ ಆಟಗಳೇ ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಆ ಬೆರಳೆಣಿಕೆಯಲ್ಲಿ ಮಾರಿಯೋ ಇರುತ್ತಿದ್ದ, ಕಾಂಟ್ರಾ ಎಂಬ ಗುಂಡಿನ ಕಾಳಗದ ಆಟ ಇರುತ್ತಿತ್ತು, ಟ್ಯಾಂಕ್ ಆಟ ಇರುತ್ತಿತ್ತು. ಹೆಸರು ಹೇಳುವ ಪುಸ್ತಕವಾಗಲಿ, ಕತೆ ತಿಳಿಸುವ ಪತ್ರಿಕೆಯಾಗಲಿ ನಮಗೆ ಸಿಗಲಿಲ್ಲ. ರಕ್ಷಿಸಬೇಕಾದ ರಾಜಕುಮಾರಿಯ ಹೆಸರನ್ನು ನಾನು ತಿಳಿದದ್ದು ಕಾಲೇಜು ಸೇರಿದ ಮೇಲೆ.

ಮಳೆಗಾಲವೇ ಆ ಆಟದ ಕಾಲ. ಜುಲೈನಲ್ಲಿ ಶಾಲೆಗಳಿಗೆ ಮಳೆ ರಜೆ ಘೋಷಣೆಯಾದ ದಿನ, ಟಿವಿ ಇದ್ದ ಮನೆಯಲ್ಲಿ ಅಕ್ಕಪಕ್ಕದ ಮನೆಯ ಮಕ್ಕಳೂ ತೋಟದ ಕಾರ್ಮಿಕರ ಲೈನ್‌ಮನೆಯ ಮಕ್ಕಳೂ ಒಂದೇ ಚಾಪೆಯ ಮೇಲೆ ಸಾಲಾಗಿ ಕೂರುತ್ತಿದ್ದರು. ಒಂದು ಲೈಫ್ ಹೋದರೆ ರಿಮೋಟ್ ಮುಂದಿನವನ ಕೈಗೆ. ಆ ಆಟದಲ್ಲಿ ಎಲ್ಲಿಗೆ ತಲುಪಿದ್ದೇವೆಂದು ಉಳಿಸಿಡುವ ವ್ಯವಸ್ಥೆ ಇರಲಿಲ್ಲ, ಕೊಡಗಿನ ಮಳೆಗಾಲದಲ್ಲಿ ಕರೆಂಟ್ ಹೋಗದೆ ಉಳಿಯುವ ವ್ಯವಸ್ಥೆಯೂ ಇರಲಿಲ್ಲ. ತಂತಿಯ ಮೇಲೆ ಎಲ್ಲೋ ಒಂದು ಕೊಂಬೆ ಬಿದ್ದರೆ ನಾಲ್ಕನೆಯ ಲೋಕದವರೆಗೆ ಹೋದವನೂ ಮತ್ತೆ ಮೊದಲ ಹಂತದ ಮೊದಲ ಹೆಜ್ಜೆಯಿಂದ ಆರಂಭಿಸಬೇಕಿತ್ತು. ಹೀಗೆ ನೂರಾರು ಬಾರಿ ಆಡಿದ ಆ ಮೊದಲ ಹಂತ ನಮ್ಮ ತಲೆಮಾರಿಗೆ ಕಂಠಪಾಠವಾಯಿತು. ಮೂರನೆಯ ಕೊಳವೆಯ ನಂತರ ಯಾವ ಶತ್ರು ಬರುತ್ತಾನೆಂದು ಮೂವತ್ತು ವರ್ಷಗಳ ನಂತರವೂ ಹೆಬ್ಬೆರಳಿಗೆ ಗೊತ್ತಿದೆ. ಪಾತ್ರವೊಂದು ಮನಸ್ಸಿನಲ್ಲಿ ನೆಲೆಯೂರುವುದಕ್ಕೆ ಈ ಪುನರಾವರ್ತನೆಗಿಂತ ದೊಡ್ಡ ಕಾರಣ ನನಗೆ ಕಂಡಿಲ್ಲ. ಪುನರಾವರ್ತನೆಯನ್ನು ತಾಳಿಕೊಳ್ಳುವಷ್ಟು ಹದವಾದ ನೆಗೆತ ಅದರಲ್ಲಿತ್ತು ಎಂಬುದನ್ನೂ ಜೊತೆಯಲ್ಲೇ ಹೇಳಬೇಕು, ಏಕೆಂದರೆ ಅದೇ ಕ್ಯಾಸೆಟ್ಟಿನ ಬೇರೆ ಹಲವು ಆಟಗಳನ್ನು ಯಾರೂ ಎರಡನೆಯ ಸಲ ಆರಿಸುತ್ತಿರಲಿಲ್ಲ.

ಇಲ್ಲಿ ಕಾಂಟ್ರಾವನ್ನು ಮಾರಿಯೋನ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಇಬ್ಬರು ಒಟ್ಟಿಗೆ ಆಡಬಹುದಾದ ಆ ಆಟವನ್ನು ಅಣ್ಣತಮ್ಮಂದಿರು ಮಾರಿಯೋಗಿಂತ ಹೆಚ್ಚು ಪ್ರೀತಿಸಿದರು. ಜಲಪಾತದ ಹಂತದಲ್ಲಿ ಒಬ್ಬ ಅವಸರವಾಗಿ ಮೇಲೆ ಹತ್ತಿದರೆ ಪರದೆ ಅವನೊಡನೆ ಏರಿ, ಕೆಳಗುಳಿದವನು ಸಾಯುತ್ತಿದ್ದ. ಆ ಜಗಳ ಅಡುಗೆಮನೆಯವರೆಗೂ ಹೋಗುತ್ತಿತ್ತು. ಎಸ್ ಅಕ್ಷರ ಹಾರಿ ಬಂದರೆ ಐದು ಕವಲಿನ ಗುಂಡು ಸಿಗುತ್ತದೆಂದು ಇಂಗ್ಲಿಷ್ ಓದಲು ಬಾರದ ಮಗುವಿಗೂ ಗೊತ್ತಿತ್ತು. ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊ ಇನ್ನೊಂದು ಆಟದ ಪರೀಕ್ಷೆಗೆಂದು ಹಾಕಿಕೊಂಡಿದ್ದ ‘ಮೇಲೆ, ಮೇಲೆ, ಕೆಳಗೆ, ಕೆಳಗೆ’ ಎಂದು ಆರಂಭವಾಗುವ ಗುಂಡಿಗಳ ಸಾಲು ಕಾಂಟ್ರಾಕ್ಕೂ ಬಂದು, 30 ಲೈಫ್ ಕೊಡುವ ಮಂತ್ರವಾಗಿ ಜಗತ್ತನ್ನೆಲ್ಲ ಸುತ್ತಿತು. ಆದರೆ ಆ ಆಟದ ಇಬ್ಬರು ಯೋಧರ ಹೆಸರು ಬಿಲ್ ಮತ್ತು ಲ್ಯಾನ್ಸ್ ಎಂಬುದು ಇಲ್ಲಿ ಯಾರಿಗೂ ತಿಳಿದಿರಲಿಲ್ಲ. ನಮಗೆ ಅವರು ನೀಲಿ ಪ್ಯಾಂಟಿನವನು, ಕೆಂಪು ಪ್ಯಾಂಟಿನವನು. ಕೈಗೆ ಬೇಕಾದದ್ದೆಲ್ಲ ಕಾಂಟ್ರಾದಲ್ಲಿತ್ತು, ಕಣ್ಣಿಗೆ ಹಿಡಿದಿಡುವ ಒಂದು ಆಕಾರ ಮಾತ್ರ ಇರಲಿಲ್ಲ. ಆದ್ದರಿಂದ ಅದು ಒಂದು ತಲೆಮಾರಿನ ನೆನಪಾಗಿ ಉಳಿಯಿತೇ ಹೊರತು ಸಂತೆಯ ಚೀಲದ ಮೇಲೆ ಹತ್ತಲಿಲ್ಲ.

ಇದರ ವಿರುದ್ಧ ದಿಕ್ಕಿನ ಸೋಲು 1990ರ ದಶಕದಲ್ಲೇ ನಡೆಯಿತು. 1991ರಲ್ಲಿ ಸೆಗಾ ಕಂಪನಿ ಮಾರಿಯೋಗೆ ಎದುರಾಗಿ ಸೋನಿಕ್ ಎಂಬ ನೀಲಿ ಮುಳ್ಳುಹಂದಿಯನ್ನು ತಂದಾಗ, ಅದರ ರೂಪ ಮತ್ತು ವೇಗ ಒಂದೇ ಕಲ್ಪನೆಯಿಂದ ಹುಟ್ಟಿದ್ದವು: ಮೈಯನ್ನು ಚೆಂಡಾಗಿ ಸುತ್ತಿಕೊಂಡು ಉರುಳುವುದು ಅದರ ಗುರುತೂ ಹೌದು, ಅದರ ಆಟವೂ ಹೌದು. ಅದರ ಯಶಸ್ಸು ಕಂಡು ಹಲವು ಕಂಪನಿಗಳು ಒಂದೊಂದು ಪ್ರಾಣಿಗೆ ಬಟ್ಟೆ ತೊಡಿಸಿ, ಚುರುಕು ಮಾತು ಕಲಿಸಿ ಮಾರುಕಟ್ಟೆಗೆ ಬಿಟ್ಟವು. 1993ರ ಬಬ್ಸಿ ಎಂಬ ಕಾಡುಬೆಕ್ಕು ಅವುಗಳಲ್ಲಿ ಒಂದು. ಮುಖ ಇತ್ತು, ಮಾತು ಇತ್ತು, ಜಾಹೀರಾತು ಇತ್ತು; ಕೈಗೆ ರುಚಿಸುವ ಚಲನೆ ಇರಲಿಲ್ಲ. ಸೋನಿಕ್‌ನ ನಂತರದ ದಾರಿಯೂ ಸುಗಮವಾಗಿರಲಿಲ್ಲ, ಆದರೆ ಅದರ ಆಕಾರ ಜನರ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿತ್ತೆಂಬುದು 2019ರಲ್ಲಿ ಗೊತ್ತಾಯಿತು. ಸಿನಿಮಾದ ಟ್ರೈಲರ್‌ನಲ್ಲಿ ಅದಕ್ಕೆ ಮನುಷ್ಯರಂಥ ಹಲ್ಲು, ಚಿಕ್ಕ ಕಣ್ಣುಗಳನ್ನು ಕೊಟ್ಟಿದ್ದನ್ನು ಕಂಡು ಅಭಿಮಾನಿಗಳು ಸಿಡಿದೆದ್ದರು. ನಿರ್ಮಾಪಕರು ಬಿಡುಗಡೆಯನ್ನು 2020ರ ಫೆಬ್ರುವರಿಗೆ ಮುಂದೂಡಿ ಪಾತ್ರವನ್ನು ಹೊಸದಾಗಿ ಚಿತ್ರಿಸಿದರು.

1996ರಲ್ಲಿ ಮೂರು ಆಯಾಮಗಳ ಯುಗದೊಡನೆ ಟೂಂಬ್ ರೈಡರ್ ಆಟದ ನಾಯಕಿ ಲಾರಾ ಕ್ರಾಫ್ಟ್ ಬಂದಳು. ಅದೇ ವರ್ಷ ಬಂದ, ಪಿಕಾಚು ಇರುವ ಪೋಕೆಮಾನ್ ಆಟ ಈ ಚರಿತ್ರೆಯಲ್ಲಿ ಬೇರೆಯೇ ಒಂದು ತಿರುವು. ಅದರ ಕರ್ತೃ ಸತೋಶಿ ತಾಜಿರಿ ಬಾಲ್ಯದಲ್ಲಿ ಹುಳುಹುಪ್ಪಟೆ ಹಿಡಿದು ಕೂಡಿಡುತ್ತಿದ್ದವರು. ಆ ಸಂತೋಷವನ್ನೇ ಆಟವಾಗಿಸಿದರು. ಆಟವನ್ನು ಎರಡು ಆವೃತ್ತಿಗಳಲ್ಲಿ ಹೊರತಂದು, ಒಂದರಲ್ಲಿ ಸಿಗುವ ಕೆಲವು ಜೀವಿಗಳು ಇನ್ನೊಂದರಲ್ಲಿ ಸಿಗದಂತೆ ಮಾಡಿದ್ದರಿಂದ, ಎಲ್ಲವನ್ನೂ ಕೂಡಿಸಬೇಕೆಂದರೆ ಗೆಳೆಯನ ಯಂತ್ರಕ್ಕೆ ತಂತಿ ಜೋಡಿಸಿ ವಿನಿಮಯ ಮಾಡಿಕೊಳ್ಳಲೇಬೇಕಿತ್ತು. ನಮ್ಮ ಕಡೆ ಮಕ್ಕಳಿಗೆ ಪಿಕಾಚು ಪರಿಚಯವಾದದ್ದು ಆಟದಿಂದಲ್ಲ, ಕೇಬಲ್ ಟಿವಿಯ ಕಾರ್ಟೂನಿನಿಂದ. ಆದರೂ ಅವರು ನೋಡಿ ಸುಮ್ಮನಾಗಲಿಲ್ಲ. ಚಿತ್ರದ ಬಿಲ್ಲೆಗಳನ್ನು ಕೂಡಿಟ್ಟರು, ಎರಡಿದ್ದರೆ ಒಂದನ್ನು ಬದಲಾಯಿಸಿಕೊಂಡರು. ಯಂತ್ರವಿಲ್ಲದೆಯೂ ಆಟ ಮಕ್ಕಳ ಕೈ ಸೇರಿತ್ತು.

ಈಗಾಗಲೇ ಪ್ರಸಿದ್ಧವಾದ ರೂಪವನ್ನು ತಂದು ಆಟಕ್ಕೆ ಹೊಂದಿಸಿದರೆ ಸಾಕಲ್ಲವೆ ಎಂಬ ಯೋಚನೆ ನಮ್ಮ ದೇಶದಲ್ಲೂ ನಡೆದಿದೆ. 2009ರಲ್ಲಿ ಪ್ಲೇಸ್ಟೇಷನ್ 2 ಯಂತ್ರಕ್ಕಾಗಿ ಹೈದರಾಬಾದಿನಲ್ಲಿ ಬಾಲ ಹನುಮಂತನ ಆಟ ಸಿದ್ಧವಾಯಿತು. ನೆಗೆತಕ್ಕೆ ಹನುಮಂತನಿಗಿಂತ ತಕ್ಕ ನಾಯಕ ಎಲ್ಲಿ ಸಿಗಬೇಕು? ಆದರೆ ಪರದೆಯ ಮೇಲಿನ ನೆಗೆತದಲ್ಲಿ ಆ ಹುರುಪು ಇರಲಿಲ್ಲ, ಆಟ ಬೇಗ ಮರೆತುಹೋಯಿತು. 2020ರಲ್ಲಿ ಪುಣೆಯ ಚಿಕ್ಕ ತಂಡವೊಂದು ಹೊರತಂದ ರಾಜಿ ಎಂಬ ಆಟದ ಹುಡುಗಿಗೆ ಹಿಂದಿನ ಖ್ಯಾತಿ ಏನೂ ಇರಲಿಲ್ಲ. ಅವಳ ಲಂಗದ ಬೀಸು, ತ್ರಿಶೂಲ ಹಿಡಿದು ತಿರುಗುವ ರೀತಿ ನೋಡಿದವರ ಮನಸ್ಸಿನಲ್ಲಿ ನಿಂತವು. ಅವಳು ಎಷ್ಟು ಕಾಲ ಉಳಿಯುತ್ತಾಳೆಂಬುದು ಮುಂದಿನ ಆಟಗಳು ಬರುವುದನ್ನು ಅವಲಂಬಿಸಿದೆ.

ಸಂತೆಯ ಮಗುವಿನ ಅಣ್ಣನ ಆಟಕ್ಕೆ ಈಗ ಬರಬಹುದು. ಪಬ್ಜಿ ಮೊಬೈಲ್ 2018ರಲ್ಲಿ ಬಂತು, 2020ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ನಿಷೇಧವಾಯಿತು, 2021ರಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿತು, 2022ರಲ್ಲಿ ಮತ್ತೆ ಕಾಣೆಯಾಗಿ 2023ರಲ್ಲಿ ಮತ್ತೆ ಬಂತು. ಅದರಲ್ಲಿ ಮುಖವನ್ನೂ ಉಡುಪನ್ನೂ ಆಡುವವರೇ ಆರಿಸಿಕೊಳ್ಳುವುದರಿಂದ ನಾಯಕನ ಜಾಗ ಖಾಲಿ. ಹಾಗೆಂದು ಅದು ಏನನ್ನೂ ಉಳಿಸಿಲ್ಲ ಎನ್ನುವುದು ಅವಸರದ ತೀರ್ಮಾನ. ಗೋಣಿಕೊಪ್ಪದ ಬಸ್ ನಿಲ್ದಾಣದಲ್ಲಿ ಹುಡುಗರು ಪೊಚಿಂಕಿ ಎಂಬ ಕಾಲ್ಪನಿಕ ಊರಿನ ಬಗ್ಗೆ, ಅಲ್ಲಿನ ಯಾವ ಮನೆಯ ಮಾಳಿಗೆಯಲ್ಲಿ ಅಡಗಿದರೆ ಕ್ಷೇಮ ಎಂಬ ಬಗ್ಗೆ, ಪಕ್ಕದ ಊರಿನಷ್ಟೇ ಸಲಿಗೆಯಿಂದ ಮಾತನಾಡುತ್ತಾರೆ. ಅಲ್ಲಿ ಪಾತ್ರದ ಸ್ಥಾನವನ್ನು ಸ್ಥಳ ಪಡೆದುಕೊಂಡಿದೆ.

ಕಳವಳ ಹುಟ್ಟಿಸುವ ವ್ಯತ್ಯಾಸ ಬೇರೆ ಕಡೆ ಇದೆ. ಇಂದಿನ ಹಲವು ದೊಡ್ಡ ಆಟಗಳು ದೂರದ ಸರ್ವರ್, ಅಂದರೆ ಕಂಪನಿಯ ಕಂಪ್ಯೂಟರ್, ಚಾಲನೆಯಲ್ಲಿರುವವರೆಗೆ ಮಾತ್ರ ಆಡಲು ಸಿಗುತ್ತವೆ. 2014ರಲ್ಲಿ ಬಂದ ಒಂದು ಕಾರು ಓಟದ ಆಟದ ಸರ್ವರ್ 2024ರ ಮಾರ್ಚ್ ಕೊನೆಗೆ ನಿಂತಾಗ, ದುಡ್ಡು ಕೊಟ್ಟು ಡಿಸ್ಕ್ ಕೊಂಡವರ ಕೈಯಲ್ಲೂ ಆಟ ಉಳಿಯಲಿಲ್ಲ. ಅಮೆರಿಕದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇಕಡಾ 87ರಷ್ಟು ಅಂಗಡಿಗಳಲ್ಲಿ ಹೊಸದಾಗಿ ಕೊಳ್ಳಲು ಸಿಗುವುದಿಲ್ಲ ಎಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ತನ್ನ ಅಧ್ಯಯನದಲ್ಲಿ ಕಂಡುಕೊಂಡಿತು. ಅದೇ 2023ರಲ್ಲಿ ಮಾರಿಯೋನ ಸಿನಿಮಾ 130 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಪಾತ್ರ ಬೆಳೆಯುತ್ತಿರುವಾಗ ಅದನ್ನು ಹೆತ್ತ ಕಾಲದ ಆಟಗಳು ಒಂದೊಂದಾಗಿ ಕೈತಪ್ಪುತ್ತಿವೆ. ಹತ್ತು ವರ್ಷದ ಮಗನ ಕೈಗೆ ತಂದೆ ಯಾವ ಆಟವನ್ನು ಕೊಡಬಲ್ಲ ಎಂಬುದನ್ನು ಈಗ ನಿರ್ಧರಿಸುವವನು ತಂದೆಯಲ್ಲ.

ನಮ್ಮ ಹಳೆಯ ಕ್ಯಾಸೆಟ್ಟುಗಳ ಸ್ಥಿತಿ ಈ ಮಟ್ಟಿಗೆ ವಾಸಿ. ಕೊಡಗಿನ ಮನೆಗಳ ಅಟ್ಟದಲ್ಲಿ ಮಳೆಗಾಲದ ತೇವಕ್ಕೆ ಅವುಗಳ ತುದಿಗೆ ಬೂಷ್ಟು ಹಿಡಿದಿರುತ್ತದೆ. ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಮೆಲ್ಲಗೆ ಒರೆಸಿ ಒಣಗಿಸಿದರೆ ಬಹಳಷ್ಟು ಈಗಲೂ ಓಡುತ್ತವೆ, ಯಾವ ಸರ್ವರಿನ ಅಪ್ಪಣೆಯೂ ಬೇಕಾಗಿಲ್ಲ. ಹೊಸ ಟಿವಿಗಳಲ್ಲಿ ಅವುಗಳ ಹಳದಿ, ಬಿಳಿ ವಯರು ಸಿಕ್ಕಿಸುವ ತೂತು ಇಲ್ಲವಾದ್ದರಿಂದ ನಡುವೆ ಒಂದು ಚಿಕ್ಕ ಪರಿವರ್ತಕ ಪೆಟ್ಟಿಗೆ ಬೇಕಾಗುತ್ತದೆ. ಕಳೆದ ಮಳೆ ರಜೆಯಲ್ಲಿ ನನ್ನ ಅಕ್ಕನ ಮಗಳಿಗಾಗಿ ಅಂಥದೊಂದನ್ನು ತಂದು ಜೋಡಿಸಿದೆ. ಮೊದಲ ಕಂದು ಶತ್ರುವಿಗೆ ತಾಗಿ ಅವಳು ಎರಡು ಸಲ ಸತ್ತಳು, ಮೂರನೆಯ ಸಲ ತುಳಿದಳು; ಆಮೇಲೆ ಕರೆಂಟ್ ಹೋಗುವವರೆಗೆ ರಿಮೋಟನ್ನು ಯಾರಿಗೂ ಕೊಡಲಿಲ್ಲ.